ಹಾಸನದಲ್ಲಿ ಇಸಿಜಿಗೆ ಕ್ಯೂ, ಕೊಪ್ಪದಲ್ಲಿ ಡೇಪಾ ಎಣ್ಣೆ ಬೇಡ

"ಹಾಸನದವರು ಹೃದಯಾಘಾತದ ಸುದ್ದಿ ಕೇಳಿಯೇ ಇಸಿಜಿಗೆ ಮುಗಿಬಿದ್ದರು, ನಮ್ಮ ಕೊಪ್ಪದ ಕಡೆ ಮಂಗನ ಕಾಯಿಲೆಯಿಂದ ಮಂಗ ಸತ್ತು ಬಿದ್ದರೂ ಉಣುಗು ಕಚ್ಚದಂತೆ ಮೈಗೆ ಡೇಪಾ ಎಣ್ಣೆ ಹಚ್ಚಲ್ಲ, ಜನ ದಡ್ಡರಾ?" ಅಂತ ಕೇಳಿದ್ದೀರಿ. ದಡ್ಡರೇನಲ್ಲ ಮಾರಾಯ್ರೆ.

2025ರ ಜೂನ್-ಜುಲೈನಲ್ಲಿ ಹಾಸನದಲ್ಲಿ ಒಬ್ಬರಿಂದ ಒಬ್ಬರಿಗೆ ಅಂಟಿದ್ದು ಭಯ. ಸತ್ತವರಲ್ಲಿ ಹರೆಯದವರಿದ್ದರು, ಟಿವಿಯಲ್ಲಿ ದಿನಾ ಸಂಖ್ಯೆ ಏರುತ್ತಿತ್ತು. ಹಿಂದಿನ ವರ್ಷಗಳ ಲೆಕ್ಕ ಯಾರಿಗೆ ಬೇಕಿತ್ತು? ಸರ್ಕಾರದ ಸಮಿತಿ ಹೋಲಿಸಿ ನೋಡಿ, ಹೇಳಿಕೊಳ್ಳುವಂಥ ಏರಿಕೆ ಇಲ್ಲ ಅಂದಿತು. ಅಷ್ಟರಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನಜಾತ್ರೆ.

ಮಂಗನ ಕಾಯಿಲೆ ಇದಕ್ಕೆ ಉಲ್ಟಾ. ಉಣುಗು ಕಚ್ಚಿ ಹರಡುವ ಇದು 1957ರಿಂದ ಮಲೆನಾಡಿಗೆ ಗೊತ್ತಿರುವ ರೋಗ. ಉಣುಗು ಕಚ್ಚುವುದು ದಿನಾ, ಜ್ವರ ಬರುವುದು ಯಾರಿಗೋ ಒಬ್ಬರಿಗೆ. "ಎಷ್ಟು ಸಲ ಕಚ್ಚಿದೆ, ಏನಾಯ್ತು?" ಅನ್ನುವುದು ಅನುಭವದ ಮಾತು, ಕರಪತ್ರ ಅದನ್ನು ಗೆಲ್ಲಲ್ಲ. ಕಾಡಿನಲ್ಲಿ ದರಗು (ಒಣ ಎಲೆ) ಗುಡಿಸುವ ಹೆಂಗಸಿಗೆ ಎಣ್ಣೆ ಅಂದರೆ ಮೈಯೆಲ್ಲ ಅಂಟು, ಅದರ ಮೇಲೆ ಧೂಳು. ಜ್ವರ ಅಂತ ಬಾಯಿಬಿಟ್ಟರೆ ಕೂಲಿ ಹೋಯ್ತು. ಮನೆ ಮುಂದೆ ಆಂಬುಲೆನ್ಸ್ ನಿಂತರೆ ನೆಂಟರೂ ಬರಲ್ಲ. ಹಾಗಾಗಿ ಪ್ಯಾರಾಸಿಟಮಾಲ್ ನುಂಗಿ ತೋಟಕ್ಕೆ ಹೊರಡುತ್ತಾರೆ. (ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೇನೋ.)

ಹೆದರಿಸಿ ಪ್ರಯೋಜನವಿಲ್ಲ ಅನ್ನಿಸುತ್ತೆ, ಹೆದರಿದವರು ಇನ್ನಷ್ಟು ಮುಚ್ಚಿಡುತ್ತಾರೆ. ಎಣ್ಣೆ ಬಾಟಲಿ ಆರೋಗ್ಯ ಕೇಂದ್ರದ ಕಪಾಟಿನ ಬದಲು ತೋಟದ ಮೇಸ್ತ್ರಿ ಕೈಯಲ್ಲಿರಲಿ, ಕಾಡಂಚಿನಲ್ಲಿ ಅವರೇ ಮೊದಲು ಹಚ್ಚಿಕೊಳ್ಳಲಿ. ಜ್ವರದ ದಿನಗಳ ಕೂಲಿಯನ್ನು ತೋಟದವರು ಕೊಡ್ತಾರಾ ಅಂತ ಗ್ರಾಮಸಭೆಯಲ್ಲಿ ಒಮ್ಮೆ ಕೇಳಿ ನೋಡಿ.