ಪರದೆಯ ಮೇಲಿನ ಗಿಡ್ಡ ಕಂಬ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

"ಈ ಪ್ರಾಜೆಕ್ಟೇ ನನಗೆ ಬೇಡ, ಬಿಟ್ಟುಬಿಡ್ತೀನಿ." ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದು ಕೂತ ಕೂಡಲೇ ಅವರು ಹೇಳಿದ್ದು ಇದು. ವಿಶ್ವವಿದ್ಯಾಲಯವೊಂದರಲ್ಲಿ ಭೌತವಿಜ್ಞಾನ ಕಲಿಸುವ ಯುವ ಅಧ್ಯಾಪಕಿ. ಹಿರಿಯ ಸಹೋದ್ಯೋಗಿಯ ಜೊತೆ ಸೇರಿ ತಮ್ಮ ತರಗತಿಗಳ ಮೇಲೆಯೇ ಸಂಶೋಧನೆ ಮಾಡುತ್ತಿದ್ದರು. ಒಂದೇ ಪಾಠವನ್ನು ಎ ವಿಭಾಗಕ್ಕೆ ಹಿರಿಯರು ಉಪನ್ಯಾಸವಾಗಿ ಹೇಳುವುದು, ಬಿ ವಿಭಾಗಕ್ಕೆ ಇವರು ಗುಂಪು ಚರ್ಚೆಯಿಂದ ಕಲಿಸುವುದು. ಯಾವುದು ಮಕ್ಕಳ ತಲೆಗೆ ಚೆನ್ನಾಗಿ ಹತ್ತುತ್ತದೆ ಎಂದು ನೋಡುವ ಆಸೆ.

ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಬಂತು. ಹಿರಿಯರು ಇವರನ್ನು ಕೇಳದೆ ಅದನ್ನು ವಿಭಾಗದ ಮೀಟಿಂಗ್‌ನಲ್ಲಿ ತೋರಿಸಿದರು. ಪರದೆಯ ಮೇಲೆ ಗ್ರಾಫ್‌ನ ಎರಡು ಕಂಬ. ಎತ್ತರದ್ದು ಎ, ಗಿಡ್ಡದ್ದು ಬಿ. ಹೆಸರಿರಲಿಲ್ಲ, ಆದರೆ ಬಿ ಯಾರದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕೆಳಗೆ ಒಬ್ಬ ವಿದ್ಯಾರ್ಥಿಯ ಮಾತು: "ಮೇಡಂ ಪಾಠ ಮಾಡಲ್ಲ, ನಮ್ಮ ಕೈಲೇ ಮಾಡಿಸ್ತಾರೆ." ಯಾರೋ ನಕ್ಕರು. ಅಂದಿನಿಂದ ಕ್ಲಾಸಿಗೆ ಹೋಗುವ ಮುಂಚೆ ಇವರಿಗೆ ಎದೆ ಡವಡವ. ಹಿರಿಯರ ಜೊತೆ ಮಾತೂ ನಿಂತಿತ್ತು.

"ಆ ಕಂಬ ನೋಡಿದಾಗ ಏನನ್ನಿಸಿತು?" ಎಂದು ಕೇಳಿದೆ.

"ನನಗೆ ಪಾಠ ಮಾಡೋಕೆ ಬರಲ್ಲ ಅನ್ನಿಸಿತು."

ನಮ್ಮ ಮಾತುಕತೆ ಬಹುಪಾಲು ನಡೆದದ್ದು ಈ ಒಂದು ಮಾತಿನ ಸುತ್ತ. ಕಂಬ ಅಳೆದದ್ದು ಮಕ್ಕಳಿಗೆ ಹೇಗನ್ನಿಸಿತು ಎಂಬುದನ್ನು. ಅವರು ಎಷ್ಟು ಕಲಿತರು ಎಂಬುದನ್ನಲ್ಲ. 2019ರಲ್ಲಿ ಪ್ರಕಟವಾದ ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಗಳ ಅಧ್ಯಯನದಲ್ಲಿ ಇದೇ ಕಂಡುಬಂತು. ತಾವೇ ಲೆಕ್ಕ ಬಿಡಿಸುತ್ತ, ಚರ್ಚಿಸುತ್ತ ಕಲಿತವರಿಗೆ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂತು. ಆದರೂ ಕಡಿಮೆ ಕಲಿತೆವು ಎಂದೇ ಅವರಿಗೆ ಅನ್ನಿಸಿತ್ತು. ತಲೆ ಓಡಿಸುವುದು ಕಷ್ಟ. ಆ ಕಷ್ಟವನ್ನೇ ಅರ್ಥವಾಗಲಿಲ್ಲ ಎಂದುಕೊಂಡುಬಿಡುತ್ತಾರೆ. ಇದನ್ನು ಈ ಅಧ್ಯಾಪಕಿಯೂ ಓದಿದ್ದರು. ಮನಸ್ಸು ನೊಂದಾಗ ಓದಿದ್ದು ನೆನಪಿಗೆ ಬರುವುದಿಲ್ಲ, ಅಲ್ವಾ? ಅದಕ್ಕೇ ಅವರು ಅತ್ತು ಹಗುರಾಗುವವರೆಗೆ ನಾನು ಈ ವಿಷಯ ಎತ್ತಿರಲಿಲ್ಲ.

ಬಿಡುವ ನಿರ್ಧಾರ ಈಗಲೇ ಬೇಡ ಎಂದೆ. ಪಾಠಕ್ಕೆ ಮುಂಚೆ ಮತ್ತು ಆಮೇಲೆ ಕೊಟ್ಟ ಟೆಸ್ಟ್‌ಗಳ ಮೌಲ್ಯಮಾಪನ ಇನ್ನೂ ಆಗಿರಲಿಲ್ಲ, ಮೊದಲು ಅದು ಆಗಲಿ. ಹಿರಿಯರ ಜೊತೆ ಒಬ್ಬರೇ ಕೂತು ಮಾತಾಡಿ, ತಪ್ಪು ಹೊರಿಸದೆ ಇಷ್ಟು ಹೇಳಿ: "ಸರ್, ಇಬ್ಬರೂ ನೋಡಿ ಒಪ್ಪೋ ತನಕ ಏನನ್ನೂ ಹೊರಗೆ ತೋರಿಸೋದು ಬೇಡ. ಅವತ್ತು ನನಗೆ ತುಂಬಾ ಬೇಜಾರಾಯ್ತು." ಆ ಮಾತನ್ನು ನನ್ನೆದುರು ಹೇಳಿ ಅಭ್ಯಾಸ ಮಾಡಿಕೊಂಡರು.

ಇನ್ನೊಂದು ಸಲಹೆಗೆ ನಾನು ಜಾಸ್ತಿ ಒತ್ತು ಕೊಟ್ಟೆ: ಎಲ್ಲವನ್ನೂ ಬರೆದುಕೊಳ್ಳಿ. ಲೇಖನದಲ್ಲಿ ಯಾರ ಹೆಸರು ಮೊದಲು, ಮಾಹಿತಿ ಯಾರ ಬಳಿ ಇರುತ್ತದೆ, ಫಲಿತಾಂಶ ಯಾರ ಬಡ್ತಿಯ ಫೈಲಿಗೂ ಹೋಗಬಾರದು, ಬೇಡವೆಂದ ವಿದ್ಯಾರ್ಥಿಯನ್ನು ಸಂಶೋಧನೆಯಿಂದ ಬಿಟ್ಟುಬಿಡಬೇಕು. ಸ್ನೇಹ ಇದೆಯಲ್ಲ ಎಂದು ಬಹಳ ಜನ ಇದನ್ನು ಸುಮ್ನೆ ಬಿಡುತ್ತಾರೆ. ಹಿರಿಯರ ಜೊತೆ ಕೆಲಸ ಮಾಡುವ ಕಿರಿಯರಿಗೆ ಈ ಕಾಗದ ಬೇಕೇ ಬೇಕು.

ಹಿರಿಯರು ಕ್ಷಮೆ ಕೇಳಿದರಂತೆ. ಟೆಸ್ಟ್‌ನಲ್ಲಿ ಬಿ ವಿಭಾಗ ಸ್ವಲ್ಪ ಮುಂದಿತ್ತು. ಆದರೆ ಒಂದೊಂದು ವಿಧಾನಕ್ಕೆ ಒಬ್ಬೊಬ್ಬರೇ ಶಿಕ್ಷಕರಿದ್ದರೆ, ವ್ಯತ್ಯಾಸ ವಿಧಾನದ್ದೋ ವ್ಯಕ್ತಿಯದ್ದೋ ಎಂದು ಹೇಳಲಾಗದು. ಇದನ್ನು ಅಧ್ಯಾಪಕಿಯೇ ನನಗೆ ವಿವರಿಸಿದರು. ಮುಂದಿನ ಅಧ್ಯಾಯಕ್ಕೆ ಇಬ್ಬರೂ ವಿಧಾನ ಅದಲುಬದಲು ಮಾಡಿಕೊಳ್ಳುತ್ತಿದ್ದಾರೆ. ಮೀಟಿಂಗ್ ಎಂದರೆ ಅವರಿಗೆ ಈಗಲೂ ಅಳುಕು. ಅದಕ್ಕಾಗಿ ನಮ್ಮ ಭೇಟಿ ಮುಂದುವರಿದಿದೆ.