ಎರಡನೇ ಏಟಿಗೆ ಸಿಡಿಯುವ ತೋಟೆ

ಪ್ರಶ್ನೆ: ತಂದೆಯವರ ನಂತರ ನನ್ನ ಹೆಸರಿಗೆ ಪರವಾನಗಿಯಾಗಿರುವ ಪಾಯಿಂಟ್ 22 ರಿಮ್‌ಫೈರ್ ರಿವಾಲ್ವರ್ ನನ್ನಲ್ಲಿದೆ. ಸಿಲಿಂಡರ್‌ನಲ್ಲಿ ತೋಟೆ ಕೂರುವ 8 ಮನೆಗಳಿವೆ. ಚುನಾವಣೆಯ ಸಮಯದಲ್ಲಿ ಠಾಣೆಯಲ್ಲಿ ಠೇವಣಿ ಇಟ್ಟು ಬಿಡಿಸಿಕೊಂಡು ಬಂದ ಮೇಲೆ ರೇಂಜ್‌ನಲ್ಲಿ ಹಾರಿಸಿದರೆ, ಪ್ರತಿ ಸಲ ಎರಡು ಮೂರು ತೋಟೆಗಳು ಸಿಡಿಯುವುದೇ ಇಲ್ಲ. ಸಿಲಿಂಡರ್ ಒಂದು ಸುತ್ತು ಬಂದು ಅವಕ್ಕೆ ಮತ್ತೆ ಏಟು ಬಿದ್ದಾಗ ಹೆಚ್ಚಿನವು ಸಿಡಿಯುತ್ತವೆ. ಏಟಿಗೆ ಬಲ ಕೊಡುವ ಸ್ಪ್ರಿಂಗ್ ಸತ್ತಿದೆ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ?
— ಅಡಿಕೆ ಬೆಳೆಗಾರರು, ಚನ್ನಗಿರಿ ತಾಲೂಕು, ದಾವಣಗೆರೆ ಜಿಲ್ಲೆ

ಉತ್ತರ: ಎರಡನೇ ಏಟಿಗೆ ಸಿಡಿಯುತ್ತದೆ ಎಂದು ಬರೆದಿದ್ದೀರಲ್ಲ, ರೋಗದ ಸುಳಿವು ಅಲ್ಲಿಯೇ ಇದೆ. ರಿಮ್‌ಫೈರ್ ತೋಟೆಯಲ್ಲಿ ಕಿಡಿಮದ್ದು ನಡುವೆ ಇರುವುದಿಲ್ಲ. ಬುಡದ ಅಂಚಿನ ಟೊಳ್ಳಿನೊಳಗೆ ಸುತ್ತಲೂ ಹರಡಿರುತ್ತದೆ. ಫೈರಿಂಗ್ ಪಿನ್ ಆ ಅಂಚನ್ನು ಮನೆಯ ಬಾಯಿಗೆ ಒತ್ತಿ ಜಜ್ಜಿದಾಗ ಮಾತ್ರ ಕಿಡಿ ಹುಟ್ಟುತ್ತದೆ. ತೋಟೆ ಮನೆಯೊಳಗೆ ಪೂರ್ತಿ ಕೂರದೆ ಕೂದಲೆಳೆಯಷ್ಟು ಹೊರಗುಳಿದಿದ್ದರೂ ಮೊದಲ ಏಟಿನ ಬಲವೆಲ್ಲ ಅದನ್ನು ಒಳಗೆ ತಳ್ಳುವುದಕ್ಕೇ ಖರ್ಚಾಗಿ, ಜಜ್ಜುವ ಕೆಲಸ ಎರಡನೇ ಏಟಿಗೆ ಉಳಿದುಬಿಡುತ್ತದೆ. ಆದ್ದರಿಂದ ಸ್ಪ್ರಿಂಗ್‌ನ ಮೇಲೆ ಅನುಮಾನ ಪಡುವುದಕ್ಕೆ ಮೊದಲು ಮನೆಗಳನ್ನು ನೋಡಿ.

ರಿವಾಲ್ವರ್ ಖಾಲಿ ಇದೆಯೆಂದು ಎರಡು ಸಲ ಖಚಿತಪಡಿಸಿಕೊಂಡು, ಸಿಲಿಂಡರ್ ಹೊರಚಾಚಿ, ಬೆಳಕಿಗೆ ಹಿಡಿಯಿರಿ. ಮಂಡಕ್ಕಿ ಭಟ್ಟಿಯ ಗೋಡೆಗೆ ಮಸಿ ಕಟ್ಟುವಂತೆ, ಮನೆಗಳ ಒಳಗೋಡೆಗೆ ಸುಟ್ಟ ಮದ್ದು, ಗುಂಡಿನ ಮೇಣ ಮತ್ತು ಸೀಸ ಸೇರಿ ಕಪ್ಪು ಉಂಗುರ ಕಟ್ಟಿರುತ್ತದೆ. ಖರ್ಚಾದ ತೋಟೆಗಳನ್ನು ಹೊರದೂಡುವ ನಕ್ಷತ್ರಾಕಾರದ ಬಿಲ್ಲೆಯ ಅಡಿಯನ್ನು ಮರೆಯಬೇಡಿ. ಅಲ್ಲಿ ಸುಡದೆ ಉಳಿದ ಮದ್ದಿನ ಒಂದೆರಡು ಚೂರು ಸಿಕ್ಕಿಕೊಂಡರೂ ಬಿಲ್ಲೆ ಸರಿಯಾಗಿ ಕೂರುವುದಿಲ್ಲ, ಸಿಲಿಂಡರ್ ತಿರುಗುವಾಗ ಬಿಗಿಯುತ್ತದೆ. ದ್ರಾವಕದಲ್ಲಿ ನೆನೆಸಿದ ಹಿತ್ತಾಳೆಯ ಬ್ರಷ್‌ನಿಂದ ಪ್ರತಿ ಮನೆಯನ್ನೂ ಉಜ್ಜಿ, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಒರೆಸಿ. ತೋಟೆ ಬೆರಳಿನಿಂದ ದೂಡದೆ ತನ್ನ ಭಾರಕ್ಕೇ ಒಳಗಿಳಿದು ಅಂಚು ಸಮವಾಗಿ ಕೂರಬೇಕು. ಈ ಪರೀಕ್ಷೆಯನ್ನು ರೇಂಜ್‌ನಲ್ಲಿ, ನಳಿಗೆಯ ಬಾಯಿ ಗುರಿಯ ಕಡೆಗಿರುವಾಗ ಮಾತ್ರ ಮಾಡಿ.

ಇಷ್ಟಾದ ಮೇಲೂ ತೊಂದರೆ ಉಳಿದರೆ ಮನೆಗಳಿಗೆ 1ರಿಂದ 8ರವರೆಗೆ ಅಂಕಿ ಕೊಟ್ಟು, ಯಾವ ಮನೆಯಲ್ಲಿ ಸೋತಿತೆಂದು ಬರೆದಿಡಿ. ಒಂದೇ ಮನೆ ಮತ್ತೆ ಮತ್ತೆ ಸೋತರೆ ಅದರ ಬಾಯಂಚನ್ನು ಉಗುರಿನಿಂದ ತಡವಿ ನೋಡಿ. ಖಾಲಿ ರಿವಾಲ್ವರ್‌ನ ಕುದುರೆ (ಟ್ರಿಗರ್) ಎಳೆದು ಆಡುವ ಅಭ್ಯಾಸ ತಂದೆಯವರಿಗೆ ಇದ್ದಿದ್ದರೆ, ಪಿನ್ ನೇರವಾಗಿ ಲೋಹಕ್ಕೇ ಬಡಿದು ಅಲ್ಲೊಂದು ಗುಳಿ ಬಿದ್ದು ಪಕ್ಕದಲ್ಲಿ ಏಣು ಎದ್ದಿರುತ್ತದೆ. ಎಲ್ಲ ಮನೆಗಳಲ್ಲೂ ಗೊತ್ತುಗುರಿಯಿಲ್ಲದೆ ಸೋತರೆ, ಸಿಡಿಯದ ತೋಟೆಯ ಬುಡದಲ್ಲಿ ಪಿನ್ ಒತ್ತಿದ ಗುರುತನ್ನು ನೋಡಿ. ಗುರುತು ಆಳವಾಗಿದ್ದೂ ಸಿಡಿಯದಿದ್ದರೆ ಆ ಜಾಗದಲ್ಲಿ ಕಿಡಿಮದ್ದೇ ಇಲ್ಲವೆಂದು ತಿಳಿಯಬೇಕು. ಬೇರೆ ತಯಾರಿಕೆಯ ಹೊಸ ತೋಟೆಗಳಿಂದ ಹೋಲಿಸಿ ನೋಡಿ. ಗುರುತು ತೇಲಿದ್ದರೆ ಪಿನ್ ಸವೆದಿರಬಹುದು, ಸಿಲಿಂಡರ್ ಹಿಂದೆ ಮುಂದೆ ಆಡುತ್ತಿರಬಹುದು, ಅಥವಾ ಠಾಣೆಯಲ್ಲಿದ್ದ ತಿಂಗಳುಗಳಲ್ಲಿ ಪಿನ್‌ನ ದಾರಿಯಲ್ಲಿ ಹಳೆಯ ಎಣ್ಣೆ ಅಂಟಾಗಿರಬಹುದು. ನಿಮ್ಮ ಸ್ನೇಹಿತರ ಸ್ಪ್ರಿಂಗ್‌ನ ಸರದಿ ಬರುವುದು ಇಲ್ಲಿ. ಕುದುರೆ ಹಗುರಾಗಲೆಂದು ಹಿಂದೆ ಯಾರಾದರೂ ಸ್ಪ್ರಿಂಗ್ ಕತ್ತರಿಸಿದ್ದರೆ, ಏಟು ಹಾಕುವ ಹ್ಯಾಮರನ್ನು ಕೈಯಿಂದ ಹಿಂದಕ್ಕೆಳೆದಾಗ ಸಿಡಿಯುವ ತೋಟೆ, ಬರೀ ಕುದುರೆ ಎಳೆದಾಗ ಸಿಡಿಯದೆ ಹೋಗುತ್ತದೆ. ಏಕೆಂದರೆ ಹೆಚ್ಚಿನ ರಿವಾಲ್ವರ್‌ಗಳಲ್ಲಿ ಆ ಎರಡನೆಯ ವಿಧಾನದಲ್ಲಿ ಹ್ಯಾಮರ್ ಅಷ್ಟು ಹಿಂದಕ್ಕೆ ಹೋಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ ಸಂಗತಿ ಒಂದಿದೆ. ಸಿಡಿಯದ ತೋಟೆ ಕೆಲವೊಮ್ಮೆ ತಡವಾಗಿ ಸಿಡಿಯುತ್ತದೆ. ಕುದುರೆಯನ್ನು ತಕ್ಷಣ ಮತ್ತೆ ಎಳೆದರೆ ಆ ತೋಟೆ ನಳಿಗೆಯ ಎದುರಿನಿಂದ ಪಕ್ಕಕ್ಕೆ ಸರಿದಿರುತ್ತದೆ, ಗುಂಡಿಗೆ ಹೊರಹೋಗುವ ದಾರಿಯೇ ಇರುವುದಿಲ್ಲ. ಕುದುರೆಯಿಂದ ಬೆರಳು ತೆಗೆದು, ರಿವಾಲ್ವರನ್ನು ಗುರಿಯ ಕಡೆಗೇ ಹಿಡಿದು, ಕನಿಷ್ಠ 30 ಸೆಕೆಂಡು ಕಾಯಿರಿ. ಶಬ್ದ ಎಂದಿಗಿಂತ ಮೆತ್ತಗೆ ಬಂದರೆ ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡಿರುವ ಸಾಧ್ಯತೆಯಿದೆ. ಪರೀಕ್ಷಿಸದೆ ಮುಂದಿನದನ್ನು ಹಾರಿಸಬಾರದು.

ಪ್ರಶ್ನೆ: ಸಣ್ಣಪುಟ್ಟ ರಿಪೇರಿಯನ್ನು ಪರಿಚಯದ ಲೇತ್ ಅಂಗಡಿಯಲ್ಲಿ ಮಾಡಿಸಬಹುದೇ?
— ಓದುಗರು, ಚಿತ್ರದುರ್ಗ

ಉತ್ತರ: ಬೇಡ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮಿನಂತೆ ಬಂದೂಕು ರಿಪೇರಿಯ ಕಸುಬಿಗೂ ಪರವಾನಗಿ ಬೇಕು. ಲೇತ್‌ನವರ ಕೈ ಎಷ್ಟೇ ಚುರುಕಾಗಿದ್ದರೂ ಬಾಯಂಚಿನ ಏಣನ್ನು ಅರದಿಂದ ತಿಕ್ಕಿದರೆ ಹೋದ ಲೋಹ ಮರಳುವುದಿಲ್ಲ. ಅದನ್ನು ಒತ್ತಿ ಸರಿಪಡಿಸುವ ಉಪಕರಣ ಬೇರೆಯೇ ಇದೆ.

ಪ್ರಶ್ನೆ: ತೋಟೆಗಳು ಸುಲಭವಾಗಿ ಕೂರಲೆಂದು ಎಣ್ಣೆ ಸವರಬಹುದೇ?
— ಓದುಗರು, ಹಿರಿಯೂರು

ಉತ್ತರ: ಸವರಬಾರದು. ಎಣ್ಣೆ ಒಳಗಿಳಿದರೆ ಕಿಡಿಮದ್ದೇ ಸತ್ತುಹೋಗುತ್ತದೆ. ನಿಮ್ಮ ಕಡೆಯ ಒಣ ಧೂಳು ಎಣ್ಣೆಗೆ ಹತ್ತಿ ಕೆಸರಾಗಿ ಮನೆಗಳನ್ನು ಮತ್ತೆ ಕಟ್ಟುತ್ತದೆ. ಮನೆಗಳನ್ನು ಒಣ ಬಟ್ಟೆಯಿಂದ ಒರೆಸಿಯೇ ತೋಟೆ ತುಂಬಿ.