ಆಪ್ತ ಸಲಹೆ: ಅನ್ನವಿಟ್ಟ ಮನೆಗೆ ‘ಆಗದು’ ಎನ್ನುವುದು ಹೇಗೆ?

ಪ್ರಶ್ನೆ: ನನಗೆ 27 ವರ್ಷ. ಕಳೆದ ಮೇ ತಿಂಗಳಿನಿಂದ ಥಾಯ್ಲೆಂಡಿನ ಈಶಾನ್ಯದ ಇಸಾನ್ ಪ್ರದೇಶದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಶಾಲೆಯ ಮುಖ್ಯಸ್ಥರು ಊರಿನ ಒಂದು ಕುಟುಂಬದಲ್ಲಿ ನನ್ನ ವಾಸಕ್ಕೆ ಏರ್ಪಾಡು ಮಾಡಿದ್ದಾರೆ. ಮನೆಯೊಡತಿ ನನ್ನನ್ನು ಮಗಳಂತೆ ನೋಡಿಕೊಳ್ಳುತ್ತಾರೆ, ನಾನೂ ಅವರನ್ನು ‘ಮ್ಯಾ’, ಅಂದರೆ ಅಮ್ಮ ಎಂದೇ ಕರೆಯುತ್ತೇನೆ. ಬಾಡಿಗೆ ಕೊಡಹೋದರೆ ಕೈ ಮುಗಿದು ಬೇಡವೆನ್ನುತ್ತಾರೆ. ಮೊದಲು ಸಂಜೆ ಹೊತ್ತು ಅವರ ಮೊಮ್ಮಗನಿಗೆ ಪಾಠ ಹೇಳಿಕೊಡುತ್ತಿದ್ದೆ. ಈಗ ನೆರೆಹೊರೆಯ ಮಕ್ಕಳೂ ಸೇರಿ 11 ಮಂದಿಯಾಗಿದ್ದಾರೆ, ವಾರಕ್ಕೆ ಆರು ದಿನ. ಶಾಲೆಯಲ್ಲಿ 22 ಪಿರಿಯಡ್ ಮುಗಿಸಿ ಬಂದ ಮೇಲೆ ಇದು ನನ್ನಿಂದಾಗುತ್ತಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡರೆ ಹತ್ತು ನಿಮಿಷಕ್ಕೊಮ್ಮೆ ಹಣ್ಣಿನ ತಟ್ಟೆ ಹಿಡಿದು ಬರುತ್ತಾರೆ. ಅಂಗಳ ದಾಟಿದರೆ ಎಲ್ಲಿಗೆ ಹೊರಟೆ ಎಂದು ಎಲ್ಲರೂ ಕೇಳುತ್ತಾರೆ. ಸಸ್ಯಾಹಾರಿ ಎಂದು ಮೊದಲ ದಿನವೇ ಹೇಳಿದ್ದರೂ ಸಾರಿನಲ್ಲಿ ಮೀನಿನ ವಾಸನೆ. 18 ಕಿಲೋಮೀಟರ್ ದೂರದ ಪಟ್ಟಣದಲ್ಲಿ ತಿಂಗಳಿಗೆ 3,000 ಬಾತ್‌ಗೆ ಒಂದು ಕೋಣೆ ಸಿಗುತ್ತದೆ. ಬಿಟ್ಟುಹೋದರೆ ಕೃತಘ್ನಳಾಗುತ್ತೇನೆ, ಇದ್ದರೆ ಹುಚ್ಚು ಹಿಡಿಯುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಐದಾರು ದೂರುಗಳಿದ್ದರೂ ಅವೆಲ್ಲವೂ ಒಂದೇ ತೂಕದವಲ್ಲ. ಕೆಲವು ಭಾಷೆ ಬಾರದ್ದರಿಂದ ಆದ ತಪ್ಪು ತಿಳಿವಳಿಕೆ, ಅವು ಇವತ್ತೇ ಹಗುರವಾಗಬಲ್ಲವು. ಒಂದು ಮಾತ್ರ ನಿಜವಾದ ಭಾರ, ಅದು ಸಂಜೆಯ ಪಾಠ. ಹಗುರವಾದವನ್ನು ಮೊದಲು ಪಕ್ಕಕ್ಕಿಡೋಣ.

ಎಲ್ಲಿಗೆ ಹೊರಟೆ ಎಂದು ಊರವರೆಲ್ಲ ಕೇಳುತ್ತಾರೆ ಎಂದಿದ್ದೀರಿ. ‘ಪೈ ನೈ’ ಎಂಬ ಆ ಮಾತಿಗೆ ಪದಶಃ ಅರ್ಥ ಅದೇ ಆದರೂ ಅಲ್ಲಿ ಅದು ವಿಚಾರಣೆಯಲ್ಲ, ನಮಸ್ಕಾರ. ‘ಕಿನ್ ಖಾವ್ ರು ಯಾಂಗ್’ ಎಂಬ ಇನ್ನೊಂದು ಮಾತನ್ನೂ ನೀವು ದಿನಕ್ಕೆ ಹತ್ತು ಸಲ ಕೇಳಿರಬೇಕು. ಅದು ನಮ್ಮ ‘ಊಟ ಆಯ್ತಾ?’ ಹೊರತು ಬೇರೇನೂ ಅಲ್ಲ. ಊಟ ಆಯ್ತಾ ಎಂದು ಕೇಳಿದವರ ಮುಂದೆ ನಾವು ಊಟದ ವಿವರಗಳನ್ನು ಒಪ್ಪಿಸುವುದಿಲ್ಲ, ಹಾಗೆಯೇ ಪೈ ನೈ ಎಂದವರಿಗೂ ನಿಮ್ಮ ದಿನಚರಿ ಬೇಕಿಲ್ಲ. ‘ಪೈ ಥಿಯಾವ್’, ಸುಮ್ಮನೆ ಸುತ್ತಾಡಲು ಎಂದು ನಕ್ಕು ಮುಂದೆ ನಡೆದರೆ ಮಾತು ಅಲ್ಲಿಗೆ ಮುಗಿಯಿತು.

ಊಟದ ವಿಷಯ ಇದಕ್ಕಿಂತ ಸ್ವಲ್ಪ ಕಷ್ಟದ್ದು. ನೀವು ಮಾಂಸ ಬೇಡವೆಂದಿರಿ, ಅವರು ಮಾಂಸ ಹಾಕಲಿಲ್ಲ. ಅವರ ಅಡುಗೆಮನೆಯಲ್ಲಿ ‘ನಾಮ್ ಪ್ಲಾ’ ಎಂಬ ಮೀನಿನ ರಸ ಮಾಂಸದ ಲೆಕ್ಕಕ್ಕೆ ಬರುವುದಿಲ್ಲ, ಉಪ್ಪಿನ ಲೆಕ್ಕಕ್ಕೆ ಬರುತ್ತದೆ. ಇಸಾನ್ ಕಡೆಯಲ್ಲಂತೂ ಹುದುಗಿಸಿದ ಮೀನಿನ ‘ಪ್ಲಾ ರಾ’ ಇಲ್ಲದ ‘ಸೋಮ್ ತಾಮ್’, ಅಂದರೆ ಪರಂಗಿಕಾಯಿ ಕೋಸಂಬರಿ, ಸಪ್ಪೆ ಎಂದೇ ಎಷ್ಟೋ ಜನರ ಅಭಿಪ್ರಾಯ. ಧರ್ಮದ ಕಾರಣ ಹೇಳಿದರೂ ಅದು ಅವರಿಗೆ ತಾನಾಗಿ ಹೊಳೆಯುವುದಿಲ್ಲ, ಏಕೆಂದರೆ ಅವರ ಬೌದ್ಧ ಭಿಕ್ಷುಗಳೇ ಭಿಕ್ಷಾಪಾತ್ರೆಗೆ ಬಿದ್ದುದನ್ನು ಉಣ್ಣುವವರು. ಆದರೆ ‘ಜೇ’, ಅಂದರೆ ಕಟ್ಟುನಿಟ್ಟಿನ ಸಸ್ಯಾಹಾರ, ಎಂಬ ಒಂದು ಶಬ್ದ ಅವರಿಗೆ ಚೆನ್ನಾಗಿ ಗೊತ್ತು. ಪ್ರತಿವರ್ಷ ಸುಮಾರು ಅಕ್ಟೋಬರ್ ಹೊತ್ತಿಗೆ ಒಂಬತ್ತು ದಿನ ‘ಕಿನ್ ಜೇ’ ಆಚರಣೆ ನಡೆಯುವಾಗ ಅಂಗಡಿಗಳ ಮುಂದೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಆ ಶಬ್ದ ಕಾಣುತ್ತದೆ. ಅದರಲ್ಲಿ ಮೀನಿನ ರಸವೂ ವರ್ಜ್ಯ, ಮೊಟ್ಟೆ, ಹಾಲು, ಬೆಳ್ಳುಳ್ಳಿ, ಈರುಳ್ಳಿಗಳೂ ವರ್ಜ್ಯ. ನಿಮಗೆ ಅಷ್ಟು ಕಟ್ಟುನಿಟ್ಟು ಬೇಡವಾದರೆ, ಜೇ ಎಂದು ಆರಂಭಿಸಿ ಬೆಳ್ಳುಳ್ಳಿ ಆಗುತ್ತದೆ, ಹಾಲು ಆಗುತ್ತದೆ ಎಂದು ಒಂದೊಂದಾಗಿ ಸಡಿಲಿಸುತ್ತ ಬನ್ನಿ. ಮೊದಲು ಬಿಗಿ ಮಾಡಿ ಆಮೇಲೆ ಸಡಿಲಿಸುವುದು ಸುಲಭ, ನಾಲ್ಕು ತಿಂಗಳು ತಿಂದಂತೆ ನಟಿಸಿ ಐದನೆಯ ತಿಂಗಳು ಮುಖ ಸಿಂಡರಿಸುವುದು ಕಷ್ಟ.

ಇನ್ನು ಸಂಜೆಯ ಪಾಠ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ.

ಥಾಯ್ ಭಾಷೆಯಲ್ಲಿ ‘ಕ್ರೆಂಗ್ ಜಾಯ್’ ಎಂಬ ಮಾತೊಂದಿದೆ. ಕ್ರೆಂಗ್ ಎಂದರೆ ಅಂಜುವುದು, ಜಾಯ್ ಎಂದರೆ ಮನಸ್ಸು. ಇನ್ನೊಬ್ಬರ ಮನಸ್ಸಿಗೆ ಎಲ್ಲಿ ಭಾರವಾಗುವೆನೋ ಎಂಬ ಅಂಜಿಕೆಯಿಂದ ತನಗೆ ಬೇಕಾದುದನ್ನು ಕೇಳದೆ, ಬೇಡವಾದುದನ್ನು ಹೇಳದೆ ಇರುವ ಸ್ವಭಾವಕ್ಕೆ ಅಲ್ಲಿ ಈ ಹೆಸರು. ಇದನ್ನು ವಿವರಿಸಲು ಬೇರೆ ದೇಶದವರು ಪುಟಗಟ್ಟಲೆ ಬರೆಯುತ್ತಾರೆ, ಕನ್ನಡದವರಿಗೆ ಒಂದೇ ಶಬ್ದ ಸಾಕು: ದಾಕ್ಷಿಣ್ಯ. ಹೀಗಾಗಿ ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಎರಡು ದಾಕ್ಷಿಣ್ಯಗಳ ಮುಖಾಮುಖಿ. ಬಾಡಿಗೆ ಕೇಳಲು ಆ ತಾಯಿಗೆ ದಾಕ್ಷಿಣ್ಯ, ಪಾಠ ಸಾಕು ಎನ್ನಲು ನಿಮಗೆ ದಾಕ್ಷಿಣ್ಯ. ಅವರು ಹಣ ಬೇಡವೆಂದ ದಿನವೇ ಪಾಠವೆಂಬುದು ಬಾಡಿಗೆಯಾಯಿತು, ಆದರೆ ಹಾಗೆಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಮೊತ್ತವೇ ಇಲ್ಲದ ಬಾಡಿಗೆಯಾದ್ದರಿಂದ ಅದು ಒಂದು ಮಗುವಿನಿಂದ 11 ಮಕ್ಕಳಿಗೆ ಏರಿದರೂ ಎಲ್ಲಿ ನಿಲ್ಲಬೇಕೆಂಬುದು ಇಬ್ಬರಿಗೂ ತಿಳಿಯಲಿಲ್ಲ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ಒರಟಾದದ್ದು, ಆದರೂ ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಅದೇ.

ಆ ತಾಯಿ ನಿಮ್ಮನ್ನು ದುಡಿಸಿಕೊಳ್ಳುತ್ತಿದ್ದಾರೆ ಎಂದು ನನಗನ್ನಿಸುವುದಿಲ್ಲ. ಪರದೇಶದ ಟೀಚರ್ ತನ್ನ ಮನೆಯಲ್ಲಿದ್ದಾಳೆ ಎಂಬುದು ಹಳ್ಳಿಯಲ್ಲಿ ಸಣ್ಣ ಸಂಗತಿಯಲ್ಲ. ನೆರೆಮನೆಯಾಕೆ ತನ್ನ ಮಗನನ್ನೂ ಕೂರಿಸಿಕೊಳ್ಳಿ ಎಂದಾಗ ಇಲ್ಲವೆನ್ನುವುದು ಅವರಿಗೂ ಕಷ್ಟವಾಗಿರಬೇಕು. ಹನ್ನೊಂದು ಮಕ್ಕಳಲ್ಲಿ ಹತ್ತು ಮಕ್ಕಳು ಬಂದದ್ದು ನಿಮ್ಮ ದಾಕ್ಷಿಣ್ಯದಿಂದಲ್ಲ, ಅವರ ದಾಕ್ಷಿಣ್ಯದಿಂದ. ಇದನ್ನು ಗಮನದಲ್ಲಿಟ್ಟುಕೊಂಡರೆ ಪರಿಹಾರದ ದಾರಿಯೂ ಕಾಣುತ್ತದೆ: ಪಾಠ ನಿಂತಿತು ಅಥವಾ ಕಡಿಮೆಯಾಯಿತು ಎಂಬ ಸುದ್ದಿ ಊರಿಗೆ ಹೋಗುವಾಗ ಆ ತಾಯಿಯ ಮುಖ ಉಳಿಯಬೇಕು. ಆದ್ದರಿಂದ ನೀವು ಅಂಗಳದಲ್ಲಿ ನಿಂತು ನೇರವಾಗಿ ‘ಇನ್ನು ನನ್ನಿಂದಾಗದು’ ಎನ್ನಬೇಡಿ. ನಿಮ್ಮ ಅಲ್ಪ ಥಾಯ್‌ನಲ್ಲಿ ಆ ಮಾತು ಇರುವುದಕ್ಕಿಂತ ಹತ್ತು ಪಟ್ಟು ಕಠಿಣವಾಗಿ ಕೇಳಿಸುತ್ತದೆ.

ನಿಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಸ್ಥಳೀಯ ಶಿಕ್ಷಕಿಯೊಬ್ಬರು ಇದ್ದೇ ಇರುತ್ತಾರೆ. ಅವರ ಜೊತೆ ಕುಳಿತು, ದೂರಿನ ದನಿಯಲ್ಲಲ್ಲ, ಸಲಹೆ ಕೇಳುವ ದನಿಯಲ್ಲಿ ಎಲ್ಲವನ್ನೂ ಹೇಳಿ. ಆಮೇಲೆ ಅವರ ಮೂಲಕವೇ ಹೊಸ ಏರ್ಪಾಡು ಮನೆಗೆ ತಲುಪಲಿ: ಮಕ್ಕಳ ಪಾಠ ಇನ್ನು ಮುಂದೆ ವಾರಕ್ಕೆ ಎರಡು ದಿನ, ಶಾಲೆ ಬಿಟ್ಟ ಕೂಡಲೇ, ಶಾಲೆಯ ಕೊಠಡಿಯಲ್ಲೇ, ಒಂದು ಗಂಟೆ. ಮುಖ್ಯಸ್ಥರ ಒಪ್ಪಿಗೆ ಇದ್ದರೆ ಅದು ಶಾಲೆಯ ಚಟುವಟಿಕೆಯಾಗುತ್ತದೆ, ಊರಿನ ಯಾವ ಮಗು ಬಂದರೂ ಬರಬಹುದು, ಯಾರಿಗೂ ಯಾರೂ ಇಲ್ಲವೆಂದಂತಾಗುವುದಿಲ್ಲ. ಮೊಮ್ಮಗನಿಗೆ ಮಾತ್ರ ಮನೆಯಲ್ಲಿ ಹದಿನೈದು ನಿಮಿಷ ಪ್ರತ್ಯೇಕವಾಗಿ ಕೊಡಿ, ಅದು ಆ ಮನೆಯ ಹಕ್ಕು ಎಂದೇ ಇಟ್ಟುಕೊಳ್ಳಿ. ಆ ಹುಡುಗ ‘ಸ್ಕೂಲ್’ ಎನ್ನುವುದನ್ನು ‘ಸಕೂನ್’ ಎನ್ನುತ್ತಿದ್ದರೆ ಬೇಸರಪಡಬೇಡಿ. ಥಾಯ್ ಮಾತಿನಲ್ಲಿ ಶಬ್ದದ ಕೊನೆಯ ಲಕಾರ ನಕಾರವಾಗುತ್ತದೆ, ನಮ್ಮ ಹಳ್ಳಿಯ ಮಕ್ಕಳು ‘ಇಸ್ಕೂಲು’ ಎಂದಾಗ ನಮಗೇನೂ ಅನ್ನಿಸುವುದಿಲ್ಲವಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಪಾಲಕರಿಂದ ಶುಲ್ಕ ತೆಗೆದುಕೊಂಡರೆ ಮಕ್ಕಳ ಸಂಖ್ಯೆ ತಾನೇ ಇಳಿಯುತ್ತದೆ ಎಂದು ಯಾರಾದರೂ ನಿಮಗೆ ಹೇಳಬಹುದು. ಆ ದಾರಿ ಬೇಡ. ಅಲ್ಲಿ ನೀವು ದುಡಿಯುತ್ತಿರುವುದು ವರ್ಕ್ ಪರ್ಮಿಟ್ ಮೇಲೆ, ಅದರಲ್ಲಿ ನಿಮ್ಮ ಉದ್ಯೋಗದಾತರು ಯಾರು, ಕೆಲಸ ಯಾವುದು ಎಂದು ಬರೆದಿರುತ್ತದೆ. ಮನೆಯಲ್ಲಿ ಹಣ ಪಡೆದು ಮಾಡುವ ಟ್ಯೂಷನ್ ಅದರೊಳಗೆ ಬರುವುದಿಲ್ಲ.

ಹಣ ಕೊಡುವುದು ಮಾತ್ರ ನಿಮ್ಮ ಕೆಲಸ, ಅದನ್ನು ತಪ್ಪಿಸಬೇಡಿ. ಬಾಡಿಗೆ ಎಂಬ ಶಬ್ದವನ್ನೇ ಬಳಸದೆ, ತಿಂಗಳ ಮೊದಲ ವಾರದಲ್ಲಿ ಒಂದು ಲಕೋಟೆಯಲ್ಲಿಟ್ಟು, ಎರಡೂ ಕೈಯಿಂದ, ಅಕ್ಕಿಗೆ ಮತ್ತು ಕರೆಂಟಿಗೆ ಎಂದು ಹೇಳಿ ಕೊಡಿ. ಬೇಡವೆಂದರೆ ಹಿಂದಕ್ಕೆ ತೆಗೆದುಕೊಳ್ಳದೆ ಮೇಜಿನ ಮೇಲಿಟ್ಟು ಬನ್ನಿ. ಮೊದಲ ತಿಂಗಳು ಮರಳಿ ಬಂದರೂ ಬರಬಹುದು, ಎರಡನೆಯ ತಿಂಗಳು ಮತ್ತೆ ಇಡಿ. ಪಟ್ಟಣದ ಕೋಣೆಗೆ ಕೊಡಲು ಸಿದ್ಧರಿದ್ದ 3,000 ಬಾತ್‌ನಲ್ಲಿ ಅರ್ಧವನ್ನಾದರೂ ಇಲ್ಲಿ ಕೊಟ್ಟರೆ, ಪಾಠ ಕಡಿಮೆಯಾದ ದಿನ ಸಂಕಟಪಡುವ ಅಗತ್ಯ ನಿಮಗಿರುವುದಿಲ್ಲ.

ಮುಚ್ಚಿದ ಬಾಗಿಲಿನ ಬಗ್ಗೆ ಒಂದು ಮಾತು. ನೀವು ಬಾಗಿಲು ಹಾಕಿಕೊಳ್ಳುತ್ತೀರಿ, ಅವರು ಮಾವಿನ ಹೋಳು, ಜೊತೆಗೆ ಉಪ್ಪು ಖಾರದ ಪುಡಿ ಇಟ್ಟ ತಟ್ಟೆ ತಂದು ತಟ್ಟುತ್ತಾರೆ. ನಿಮ್ಮ ಕಣ್ಣಿಗೆ ಅದು ಏಕಾಂತದ ಮೇಲಿನ ದಾಳಿ. ಅವರ ಕಣ್ಣಿಗೆ, ಹಗಲು ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಕುಳಿತ ಹುಡುಗಿಗೆ ಜ್ವರ ಬಂದಿರಬೇಕು, ಇಲ್ಲವೇ ಮನೆಯ ನೆನಪಾಗಿ ಅಳುತ್ತಿರಬೇಕು. ಆ ತಟ್ಟೆ ಬಂದಷ್ಟು ಸಲವೂ ಅವರು ನೋಡುವುದು ನಿಮ್ಮ ಮುಖವನ್ನು. ಹಾಗಾಗಿ ಬಾಗಿಲು ಹಾಕುವ ಮೊದಲೇ ಕಾರಣ ಹೇಳಿ: ಪಾಠ ಸಿದ್ಧಪಡಿಸಬೇಕು, ಏಳು ಗಂಟೆಗೆ ಬರುತ್ತೇನೆ. ಹೇಳಿದ ಏಳು ಗಂಟೆಗೆ ತಪ್ಪದೆ ಹೊರಗೆ ಬನ್ನಿ, ಅರ್ಧ ಗಂಟೆ ಅವರ ಜೊತೆ ಚಾಪೆಯ ಮೇಲೆ ಕುಳಿತು ಸೊಪ್ಪು ಬಿಡಿಸಿ. ಹೇಳಿದ ಹೊತ್ತಿಗೆ ಬರುತ್ತೀರೆಂದು ಗೊತ್ತಾದ ಮೇಲೆ ಅವರು ಬಾಗಿಲು ತಟ್ಟುವುದು ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುತ್ತದೆ ಎಂದು ನಾನು ಭರವಸೆ ಕೊಡಲಾರೆ, ನನ್ನ ತಾಯಿಯೇ ಕೊನೆಯವರೆಗೂ ನಿಲ್ಲಿಸಲಿಲ್ಲ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಹೊರಡಿ. ಅದರಲ್ಲಿ ಕೃತಘ್ನತೆ ಏನೂ ಇಲ್ಲ. ಉಪಕಾರ ಮಾಡಿದವರ ಮನೆಯಲ್ಲೇ ಬದುಕೆಲ್ಲ ಇರಬೇಕೆಂದು ಯಾರೂ ಹೇಳಿಲ್ಲ, ಮನಸ್ಸು ಕೆಟ್ಟು ಒಂದು ದಿನ ಮಕ್ಕಳೆದುರು ಕಿರುಚಿ ಹೊರಬೀಳುವುದಕ್ಕಿಂತ ಒಳ್ಳೆಯ ಮಾತಿನಲ್ಲಿ ಹೊರಡುವುದೇ ಆ ಮನೆಗೆ ತೋರುವ ಮರ್ಯಾದೆ. ಮನೆ ಬಿಟ್ಟರೆ ವೀಸಾ ಹೋಗುತ್ತದೆಂಬ ಭಯವಿದ್ದರೆ, ಆ ವೀಸಾ ಕೆಲಸಕ್ಕೆ ಅಂಟಿಕೊಂಡದ್ದು, ಮನೆಗಲ್ಲ. ಆದರೂ ಒಪ್ಪಂದದಲ್ಲಿ ವಸತಿಯ ಬಗ್ಗೆ ಏನು ಬರೆದಿದೆ ಎಂದು ಮೊದಲೇ ನೋಡಿಕೊಳ್ಳಿ. ವಿದೇಶೀಯರು ಬಂದು ವಾಸಿಸತೊಡಗಿದರೆ 24 ಗಂಟೆಯೊಳಗೆ ಟಿಎಂ 30 ಎಂಬ ನಮೂನೆಯಲ್ಲಿ ವಲಸೆ ಇಲಾಖೆಗೆ ತಿಳಿಸುವುದು ಮನೆಯ ಮಾಲೀಕರ ಹೊಣೆ. ಹೊಸ ಕೋಣೆಯ ಮಾಲೀಕರು ಅದನ್ನು ಮಾಡಿಕೊಡುತ್ತಾರೆಯೇ ಎಂದು ಮುಂಗಡ ಕೊಡುವ ಮೊದಲು ಕೇಳಿ. 90 ದಿನಕ್ಕೊಮ್ಮೆ ನಿಮ್ಮ ವಿಳಾಸ ವರದಿ ಮಾಡುವಾಗ ಇದು ಸರಿಯಿಲ್ಲದಿದ್ದರೆ ಪೇಚಾಡುವವರು ನೀವೇ.

ಮತ್ತೆ ಆ 18 ಕಿಲೋಮೀಟರ್. ಬೆಳಿಗ್ಗೆ ಎಂಟಕ್ಕೆ ಧ್ವಜವಂದನೆಗೆ ಮಕ್ಕಳ ಸಾಲಿನ ಮುಂದೆ ನಿಲ್ಲಬೇಕಾದ ನೀವು ದಿನವೂ ಹೇಗೆ ಬರುತ್ತೀರಿ ಎಂದು ಬರೆದಿಲ್ಲ. ಜನ ಹಂಚಿಕೊಂಡು ಹೋಗುವ ‘ಸೊಂಗ್‌ಥ್ಯಾವ್’ ಎಂಬ ಪಿಕಪ್ ಗಾಡಿ ಆ ಹೊತ್ತಿಗೆ ಸಿಗುತ್ತದೆಯೇ, ಸಂಜೆ ಮರಳಲು ಕೊನೆಯದು ಎಷ್ಟಕ್ಕೆ ಎಂದು ಒಂದು ವಾರ ನೋಡಿ. ಬಾಡಿಗೆ ಬೈಕ್ ತೆಗೆದುಕೊಳ್ಳುತ್ತೇನೆ ಎನ್ನುವುದಾದರೆ, ರಸ್ತೆ ಅಪಘಾತದಲ್ಲಿ ಅತಿ ಹೆಚ್ಚು ಜನ ಸಾಯುವ ದೇಶಗಳಲ್ಲಿ ಥಾಯ್ಲೆಂಡ್ ಒಂದು, ಸತ್ತವರಲ್ಲಿ ಬಹುಪಾಲು ದ್ವಿಚಕ್ರ ವಾಹನದವರು. ಲೈಸೆನ್ಸ್ ಮತ್ತು ಹೆಲ್ಮೆಟ್ ಇಲ್ಲದೆ ಆ ಯೋಚನೆಯನ್ನೇ ಮಾಡಬೇಡಿ. ಅದಕ್ಕಿಂತ, ಹಳ್ಳಿಯಲ್ಲೇ ಶಾಲೆಯ ಶಿಕ್ಷಕರ ವಸತಿಯಲ್ಲಿ ಒಂದು ಕೋಣೆ ಖಾಲಿ ಇದೆಯೇ ಎಂದು ವಿಚಾರಿಸಿ. ಹಾಗಾದರೆ ಭಾನುವಾರ ಆ ತಾಯಿಯ ಮನೆಗೆ ಊಟಕ್ಕೆ ಹೋಗಬಹುದು, ಸಂಜೆ ಹಿಂದಿರುಗಲೂಬಹುದು.

ನಿಮ್ಮ ಮೊದಲ ಅವಧಿ ಅಕ್ಟೋಬರ್ ಆರಂಭದಲ್ಲಿ ಮುಗಿದು, ಎರಡನೆಯದು ನವೆಂಬರಿನಲ್ಲಿ ಶುರುವಾಗುತ್ತದೆ. ಸಹೋದ್ಯೋಗಿ ಶಿಕ್ಷಕಿಯ ಜೊತೆಗಿನ ಮಾತನ್ನು ಈ ವಾರವೇ ಆಡಿ, ಹೊಸ ಏರ್ಪಾಡನ್ನು ಅವಧಿ ಮುಗಿಯುವವರೆಗೆ ನಡೆಸಿ ನೋಡಿ. ಮನೆ ಬದಲಿಸಲೇಬೇಕು ಎಂದು ಆಗಲೂ ಅನ್ನಿಸಿದರೆ ರಜೆಯಲ್ಲಿ ಬದಲಿಸಿ, ಮತ್ತು ಆ ಸುದ್ದಿಯನ್ನು ಆ ತಾಯಿ ಊರವರ ಬಾಯಿಂದಾಗಲಿ ಮುಖ್ಯಸ್ಥರ ಬಾಯಿಂದಾಗಲಿ ಕೇಳದಂತೆ, ಮೊದಲು ನೀವೇ ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು ಹೇಳಿ.